ಕಲ್ಲಿನ ಕೋಟೆಯಿಂದ ಕಡಲ ದಂಡೆಗೆ: ದಾವಣಗೆರೆಯಿಂದ ಏಳು ದಿನದ ಪ್ರವಾಸ, ಹಂತ ಹಂತವಾಗಿ

ಸಮುದ್ರ ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು, ಆದರೆ ಅದನ್ನು ಮುಟ್ಟಲು ಗುಡ್ಡದ ಮೆಟ್ಟಿಲು ಇಳಿಯಬೇಕಿತ್ತು. ಮಂಡಿನೋವಿನ ನಮ್ಮ ಅತ್ತೆ ಮೂವತ್ತನೆಯ ಮೆಟ್ಟಿಲಿನಲ್ಲಿ ಕುಳಿತುಬಿಟ್ಟರು. "ನೀವು ಹೋಗಿ ಬನ್ನಿ, ನಾನು ಇಲ್ಲಿಂದಲೇ ಗಂಗಮ್ಮನಿಗೆ ಕೈ ಮುಗಿಯುತ್ತೇನೆ" ಎಂದರು. ಕೊಠಡಿ ಕಾಯ್ದಿರಿಸುವಾಗ ಫೋನಿನಲ್ಲಿ "ಸಮುದ್ರಕ್ಕೆ ಎರಡೇ ನಿಮಿಷ ಮೇಡಂ" ಎಂದಿದ್ದರು. ಸುಳ್ಳಲ್ಲ, ಇಪ್ಪತ್ತು ವರ್ಷದ ಹುಡುಗರಿಗೆ ಎರಡೇ ನಿಮಿಷ.

ಅದು ನಮ್ಮ ಮೊದಲ ಪ್ರಯತ್ನ. ಆ ಸಲ ಮೂರು ದಿನದಲ್ಲಿ ಹನ್ನೊಂದು ದೇವಸ್ಥಾನ ನೋಡಿ, ಸುಸ್ತಾಗಿ ಕಡಲಿಗೆ ಬಂದಿದ್ದೆವು. ಎಂಟನೆಯ ಗುಡಿಯ ಹೊತ್ತಿಗೆ ಚಿಕ್ಕ ಮಗ, "ಇನ್ನೊಂದು ನಂದಿ ತೋರಿಸಿದರೆ ನಾನು ಕಾರಿನಿಂದ ಇಳಿಯುವುದಿಲ್ಲ" ಎಂದು ಸತ್ಯಾಗ್ರಹ ಹೂಡಿದ್ದ. ಅವನದು ತಪ್ಪಲ್ಲ. ಶಿಲ್ಪ ನೋಡುವ ಕಣ್ಣಿಗೂ ಹೊಟ್ಟೆಯ ಹಾಗೆಯೇ ಒಂದು ಅಳತೆಯಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು: ದಿನಕ್ಕೆ ಎರಡು ಸ್ಮಾರಕ, ಅದಕ್ಕಿಂತ ಹೆಚ್ಚಿಲ್ಲ. ಮೊದಲು ಕಲ್ಲು, ಆಮೇಲೆ ಕಡಲು. ಕಡಲಿಗೆ ಮೊದಲು ಹೋದವರು ಕಲ್ಲಿನ ಕಡೆಗೆ ತಿರುಗಿಯೂ ನೋಡುವುದಿಲ್ಲ.

ಎರಡನೆಯ ಸಲ ನಾವು ಹೋಗಿ ಬಂದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಂಪಿ, ಬಾದಾಮಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಅವಕ್ಕೆ ಬೇರೆಯೇ ವಾರ ಬೇಕು. ಈ ದಾರಿಗೆ ಒಂದು ಎಳೆ ಇದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬರ ಅರಸ ಮಯೂರಶರ್ಮನ ಶಾಸನವಿದೆ, ತಾಳಗುಂದದ ಕಂಬದ ಮೇಲೆ ಅವನ ಕಥೆಯಿದೆ, ಬನವಾಸಿ ಅವನ ರಾಜಧಾನಿ. ಪಶ್ಚಿಮ ಸಮುದ್ರದವರೆಗಿನ ನಾಡನ್ನು ಪಲ್ಲವರು ಅವನಿಗೆ ಬಿಟ್ಟುಕೊಟ್ಟರೆಂದು ತಾಳಗುಂದದ ಶಾಸನವೇ ಹೇಳುತ್ತದೆ. ಅಂದರೆ ನಾವು ಕಡಲಿಗೆ ಹೋಗುವುದು ಅವನ ಬೆನ್ನು ಹಿಡಿದು.

ಹೊರಡುವ ಮೊದಲು

ಕಾಲ: ನವೆಂಬರ್‌ನಿಂದ ಫೆಬ್ರುವರಿ. ಅಕ್ಟೋಬರ್ ಕೊನೆಯ ವಾರವೂ ಚೆನ್ನ, ಘಟ್ಟ ಹಸಿರಾಗಿರುತ್ತದೆ. ಮಾರ್ಚ್ ನಂತರ ಕರಾವಳಿಯ ಸೆಕೆ ನಮ್ಮ ದಾವಣಗೆರೆಯ ಬಿಸಿಲಿನಂತಲ್ಲ. ನಮ್ಮದು ಒಣ ಬಿಸಿಲು, ನೆರಳಿಗೆ ಹೋದರೆ ತಣ್ಣಗಾಗುತ್ತದೆ. ಅಲ್ಲಿ ನೆರಳಿನಲ್ಲಿಯೂ ಬೆವರು ಇಳಿಯುತ್ತಲೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರಕ್ಕೆ ಇಳಿಯುವ ಯೋಚನೆಯೇ ಬೇಡ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುವುದರಿಂದ ಮೀನೂಟದ ಆಸೆಯಿಂದ ಹೋದವರಿಗೂ ನಿರಾಸೆಯೇ.

ಎರಡು ಜಾತ್ರೆಗಳ ಬಗ್ಗೆ ಎಚ್ಚರವಿರಲಿ. ನಮ್ಮ ದುಗ್ಗಮ್ಮನ ಜಾತ್ರೆಯ ಹಾಗೆಯೇ ಶಿರಸಿಯ ಮಾರಿಕಾಂಬೆಯ ಜಾತ್ರೆಯೂ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಆ ದಿನಗಳಲ್ಲಿ ಶಿರಸಿಯಲ್ಲಿ ಮಂಚವಲ್ಲ, ಚಾಪೆಯೂ ಸಿಗುವುದಿಲ್ಲ. ಶಿವರಾತ್ರಿಯ ಸುತ್ತಮುತ್ತ ಗೋಕರ್ಣವೂ ಹಾಗೆಯೇ. ಜಾತ್ರೆಗೇ ಹೋಗುವುದಾದರೆ ಸಂತೋಷ, ಆದರೆ ಅದು ಬೇರೆ ಪ್ರವಾಸ.

ವಾರ: ಶನಿವಾರ ಹೊರಡಿ. ಇದನ್ನು ಒತ್ತಿ ಹೇಳುತ್ತೇನೆ. ಶನಿವಾರ ಹೊರಟರೆ ಕಡಲ ದಂಡೆಗೆ ತಲುಪುವುದು ಮಂಗಳವಾರ. ಬೆಂಗಳೂರು, ಹುಬ್ಬಳ್ಳಿಗಳಿಂದ ವಾರಾಂತ್ಯಕ್ಕೆ ಬಂದವರೆಲ್ಲ ಅಷ್ಟರಲ್ಲಿ ಖಾಲಿಯಾಗಿರುತ್ತಾರೆ. ಮಂಗಳ, ಬುಧ, ಗುರುವಾರದ ರಾತ್ರಿಗಳಿಗೆ ಬಾಡಿಗೆಯೂ ಇಳಿದಿರುತ್ತದೆ, ಚೌಕಾಸಿಗೂ ಜಾಗವಿರುತ್ತದೆ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಬಳ್ಳಿಗಾವೆಗೆ ನೀವು ಹೋಗುವುದು ಭಾನುವಾರವಾದ್ದರಿಂದ ಆ ತೊಂದರೆಯೂ ಇಲ್ಲ. ಶುಕ್ರವಾರ ರಾತ್ರಿ ಮನೆ ಸೇರಿದರೆ ಬಟ್ಟೆ ಒಗೆಯಲು ಎರಡು ದಿನ ಕೈಯಲ್ಲಿ ಉಳಿಯುತ್ತದೆ. ರಜೆ ಹಾಕಬೇಕಾದದ್ದು ಐದೇ ದಿನ.

ದೂರ: ಎಲ್ಲ ಸೇರಿ ಸುಮಾರು 750 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 50 ಲೀಟರ್. ಹೊರಡುವ ವಾರದಲ್ಲಿ ಬ್ರೇಕ್ ಮತ್ತು ಟೈರ್ ತೋರಿಸಿಕೊಳ್ಳಿ. ಬಯಲುಸೀಮೆಯ ರಸ್ತೆಯಲ್ಲಿ ಸವೆದ ಬ್ರೇಕ್ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ, ಘಟ್ಟ ಇಳಿಯುವಾಗ ಬಿಟ್ಟುಕೊಡುತ್ತದೆ.

ಕೊಠಡಿ ಕಾಯ್ದಿರಿಸುವಾಗ ಕೇಳಬೇಕಾದ ಪ್ರಶ್ನೆಗಳು

ಶಿಕಾರಿಪುರ, ಶಿರಸಿಗಳಲ್ಲಿ ಒಂದೊಂದು ರಾತ್ರಿ ಸಾಧಾರಣ ವಸತಿಗೃಹ ಸಾಕು. ಅಲ್ಲಿ ಮಲಗುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಉಳಿಸಿದ ಹಣವನ್ನು ಕಡಲ ದಂಡೆಯ ಮೂರು ರಾತ್ರಿಗಳಿಗೆ ಹಾಕಿ. ಅಲ್ಲಿ ಮಾತ್ರ ಜಿಪುಣತನ ಬೇಡ, ಆತುರವೂ ಬೇಡ. ಫೋಟೊ ನೋಡಿ ಹಣ ಕಳುಹಿಸಬೇಡಿ, ಫೋನ್ ಮಾಡಿ.

"ಸಮುದ್ರಕ್ಕೆ ಎಷ್ಟು ದೂರ" ಎಂದು ಕೇಳಬೇಡಿ. "ಎಷ್ಟು ಮೆಟ್ಟಿಲು" ಎಂದು ಕೇಳಿ. ಗೋಕರ್ಣದ ಕುಡ್ಲೆ, ಓಂ ಕಡಲತೀರಗಳು ಗುಡ್ಡದ ಕೆಳಗಿವೆ. ಅನೇಕ ಕಡೆ ವಾಹನ ಮೇಲೆಯೇ ನಿಲ್ಲುತ್ತದೆ. ಕಾರು ನಿಲ್ಲುವ ಜಾಗದಿಂದ ಕೊಠಡಿಗೆ ಎಷ್ಟು ನಡಿಗೆ, ಸಾಮಾನು ಹೊರಲು ಆಳು ಇದ್ದಾರೆಯೇ, ನೆಲಮಹಡಿಯ ಕೊಠಡಿ ಸಿಗುತ್ತದೆಯೇ, ಸ್ನಾನದ ನೀರು ಸಿಹಿಯೋ ಉಪ್ಪೋ, ಕರೆಂಟು ಹೋದರೆ ಫ್ಯಾನ್ ತಿರುಗುತ್ತದೆಯೇ ಎಂಬುದನ್ನೆಲ್ಲ ಕೇಳಿ. ಉತ್ತರ ಕೊಡುವವರ ದನಿಯಲ್ಲಿ ಬೇಸರ ಕಂಡರೆ ಬೇರೆ ಕಡೆ ನೋಡಿ, ಅಲ್ಲಿ ಉಳಿದ ಸೇವೆಯೂ ಅದೇ ದನಿಯಲ್ಲಿರುತ್ತದೆ. ಒಪ್ಪಿಕೊಂಡದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳುವುದು ಒಳ್ಳೆಯದು. ನಾವು ಎರಡನೆಯ ಸಲ ಊರೊಳಗೆ, ಮುಖ್ಯ ಕಡಲತೀರಕ್ಕೆ ಸಮತಟ್ಟಾದ ದಾರಿಯಿರುವ ಕಡೆ ಇಳಿದುಕೊಂಡೆವು. ನೋಟ ಅಷ್ಟೇನೂ ಇರಲಿಲ್ಲ. ಆದರೆ ಅತ್ತೆ ದಿನಾ ಎರಡು ಹೊತ್ತು ತಾವೇ ನಡೆದು ಹೋಗಿ ಅಲೆಯಲ್ಲಿ ಕಾಲು ನೆನೆಸಿ ಬಂದರು.

ಚೀಲದಲ್ಲಿ ಏನಿರಬೇಕು

ಪಟ್ಟಿ ಉದ್ದ ಮಾಡುವುದಿಲ್ಲ, ಜನ ಮರೆಯುವ ನಾಲ್ಕನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ಅಂಗೈ ಅಗಲದ ಕನ್ನಡಿ. ದೇವಸ್ಥಾನದ ಒಳಛಾವಣಿಯ ಕೆತ್ತನೆಯನ್ನು ತಲೆಯೆತ್ತಿ ನೋಡಿದರೆ ಎರಡು ನಿಮಿಷದಲ್ಲಿ ಕುತ್ತಿಗೆ ನೋಯುತ್ತದೆ. ಕನ್ನಡಿಯನ್ನು ಸೊಂಟದ ಮಟ್ಟದಲ್ಲಿ ಅಂಗಾತ ಹಿಡಿದು ಅದರೊಳಗೆ ನೋಡಿ, ಇಡೀ ಛಾವಣಿ ನಿಮ್ಮ ಅಂಗೈಯಲ್ಲಿರುತ್ತದೆ. ನಂದಿಯ ಮೇಲೆ ಮುನಿಸಿಕೊಂಡಿದ್ದ ನನ್ನ ಮಗ ಆ ಕನ್ನಡಿ ಕೈಗೆ ಬಂದ ಮೇಲೆ ಗುಡಿಯಿಂದ ಹೊರಗೆ ಬರಲು ಒಪ್ಪುತ್ತಿರಲಿಲ್ಲ.

ಎರಡನೆಯದು ದಪ್ಪ ಕಾಲುಚೀಲ. ಹನ್ನೊಂದು ಗಂಟೆಯ ನಂತರ ಗುಡಿಯ ಅಂಗಳದ ಕಲ್ಲು ಕಾವಲಿಯಾಗಿರುತ್ತದೆ. ಮೂರನೆಯದು ಗಂಡಸರಿಗೆ ಪಂಚೆ. ಗೋಕರ್ಣದ ಮಹಾಬಲೇಶ್ವರನ ಗರ್ಭಗುಡಿಗೆ ಪ್ಯಾಂಟು, ಅಂಗಿಯಲ್ಲಿ ಹೋಗಲಾಗುವುದಿಲ್ಲ. ನಾಲ್ಕನೆಯದು ಗಟ್ಟಿ ಮುಚ್ಚಳದ ಡಬ್ಬಿ. ದಾವಣಗೆರೆಯವರು ಮಂಡಕ್ಕಿ ಕಟ್ಟಿಕೊಳ್ಳದೆ ಊರು ಬಿಡುವುದಿಲ್ಲವಷ್ಟೆ? ಭಟ್ಟಿಯಿಂದ ತಂದ ಗರಿಗರಿ ಮಂಡಕ್ಕಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕರಾವಳಿಗೆ ಒಯ್ದರೆ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಅಲ್ಲಿನ ಗಾಳಿಯಲ್ಲಿ ಅಷ್ಟು ತೇವ.

ಮೊದಲ ದಿನ, ಶನಿವಾರ: ಚಿತ್ರದುರ್ಗಕ್ಕೆ ಹೋಗಿ ಮನೆಯಲ್ಲೇ ಮಲಗಿ

ಚಿತ್ರದುರ್ಗ ಕಡಲಿಗೆ ವಿರುದ್ಧ ದಿಕ್ಕು. ಆದರೂ ಅಲ್ಲಿಂದಲೇ ಶುರು ಮಾಡಿ. ಹೆದ್ದಾರಿಯಲ್ಲಿ 60 ಕಿ.ಮೀ., ಸಂಜೆಗೆ ಮನೆಗೆ ವಾಪಸ್ಸು. ಒಂದು ರಾತ್ರಿಯ ಬಾಡಿಗೆ ಉಳಿಯಿತು. ಜೊತೆಗೆ ಇದು ತಾಲೀಮು ಕೂಡ. ಯಾರ ಚಪ್ಪಲಿ ಕಚ್ಚುತ್ತದೆ, ಯಾರಿಗೆ ಎಷ್ಟು ನೀರು ಬೇಕು, ಯಾವ ಮಗುವಿಗೆ ಹಿಂದಿನ ಸೀಟಿನಲ್ಲಿ ವಾಂತಿ ಬರುತ್ತದೆ ಎಂಬುದೆಲ್ಲ ಇವತ್ತೇ ತಿಳಿಯುತ್ತದೆ, ರಾತ್ರಿ ಮನೆಯಲ್ಲಿ ಸರಿಪಡಿಸಿಕೊಳ್ಳಬಹುದು.

ಕೋಟೆಯ ಬಾಗಿಲಿಗೆ ಬೆಳಿಗ್ಗೆ ಎಂಟಕ್ಕೆಲ್ಲ ಇರಿ. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿಯಬೇಡಿ, ಕೋತಿಗಳಿವೆ.

ನಾವೆಲ್ಲ ಶಾಲೆಯಿಂದ ಹೋದಾಗ ಒನಕೆ ಓಬವ್ವನ ಕಿಂಡಿ ನೋಡಿ, ಫೋಟೊ ತೆಗೆಸಿಕೊಂಡು ಬಂದವರೇ. ಈ ಸಲ ನೀರನ್ನು ನೋಡಿ. ಬಂಡೆಯ ಮೇಲೆ ಬಿದ್ದ ಮಳೆ ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ ಸೇರುತ್ತದೆ. ಅದು ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಊರೊಳಗಿನ ಸಂತೆ ಹೊಂಡಕ್ಕೆ. ಒಂದರ ಕೋಡಿ ಇನ್ನೊಂದರ ಬಾಯಿ. ಹೈದರಾಲಿ ಮೇಲಿಂದ ಮೇಲೆ ದಂಡೆತ್ತಿ ಬಂದರೂ 1779ರವರೆಗೆ ಈ ಕೋಟೆ ಅವನ ಕೈಗೆ ಸಿಗಲಿಲ್ಲ. ಅದಕ್ಕೆ ಏಳು ಸುತ್ತಿನ ಗೋಡೆ ಎಷ್ಟು ಕಾರಣವೋ ಈ ಹೊಂಡಗಳೂ ಅಷ್ಟೇ ಕಾರಣವಿರಬೇಕೆಂದು ನನ್ನ ಲೆಕ್ಕ. ಮದ್ದು ಅರೆಯುತ್ತಿದ್ದ ದೈತ್ಯ ಬೀಸುಕಲ್ಲುಗಳನ್ನೂ ತಪ್ಪಿಸಬೇಡಿ. ಹಿಡಿಂಬೇಶ್ವರನ ಗುಡಿಯವರೆಗೆ ಹತ್ತಿದರೆ ಸಾಕು, ಮಂಡಿನೋವಿನವರು ಕೆಳಗಿನ ಸುತ್ತುಗಳಲ್ಲೇ ನೆರಳು ಹಿಡಿಯಲಿ.

ಹನ್ನೊಂದೂವರೆಗೆ ಇಳಿದು, ಊಟ ಮಾಡಿ, ಮೂರರ ನಂತರ ಚಂದ್ರವಳ್ಳಿಗೆ. ಕೆರೆ, ಗುಹೆಗಳ ಅಂಕಲಿ ಮಠ, ಬಂಡೆ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಇಲ್ಲಿ ಉತ್ಖನನ ನಡೆಸಿದ್ದರು. ಈ ನೆಲದಲ್ಲಿ ರೋಮನ್ ನಾಣ್ಯಗಳೂ ಸಿಕ್ಕಿವೆ. ಭೈರವೇಶ್ವರ ಗುಡಿಯ ಬಳಿ ಬಂಡೆಯ ಮೇಲೆ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕೆರೆಯ ಕೆಲಸ ಮಾಡಿಸಿದ್ದನ್ನು ಹೇಳುವ ಪುಟ್ಟ ಶಾಸನ ಅದು. ಅಕ್ಷರ ಸವೆದಿದೆ, ನೋಡಿದ ಕೂಡಲೇ ಕಾಣುವುದಿಲ್ಲ. ಸಂಜೆಯ ಓರೆ ಬಿಸಿಲು ಬಿದ್ದಾಗ ಗೀರುಗಳಲ್ಲಿ ನೆರಳು ತುಂಬಿ ಎದ್ದು ಬರುತ್ತದೆ. ಮೂರರ ನಂತರ ಹೋಗಿ ಎಂದದ್ದು ಅದಕ್ಕೇ.

ಇಲ್ಲಿನ ಕಲ್ಲನ್ನು ಕೈಯಿಂದ ಮುಟ್ಟಿ ನೋಡಿ: ಒರಟು ಗ್ರಾನೈಟ್. ಇದರಲ್ಲಿ ಕೋಟೆ ಕಟ್ಟಬಹುದು, ಮೂಗುತಿ ಕೆತ್ತುವುದು ಕಷ್ಟ. ನಾಳೆಯ ಕಲ್ಲೇ ಬೇರೆ.

ಎರಡನೆಯ ದಿನ, ಭಾನುವಾರ: ಹರಿಹರ, ಬಳ್ಳಿಗಾವೆ

ಬೆಣ್ಣೆ ದೋಸೆ ತಿಂದು ಹೊರಡಿ. ಹರಿಹರ 14 ಕಿ.ಮೀ. ದಿನಾ ರೈಲಿನಲ್ಲಿ ದಾಟುವ ಊರಾದ್ದರಿಂದ ದಾವಣಗೆರೆಯ ಎಷ್ಟೋ ಜನ ಹರಿಹರೇಶ್ವರನ ಗುಡಿಯ ಒಳಗೆ ಕಾಲಿಟ್ಟಿರುವುದಿಲ್ಲ; ಮದುವೆಗೆ ಬಂದವರು ಕೈ ಮುಗಿದು ಹೋಗಿರುತ್ತಾರೆ ಅಷ್ಟೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಇದು. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ನೋಡಬೇಕಾದ್ದು ಮಂಟಪದ ಕಂಬಗಳನ್ನು: ತಿರುಗಣೆಯಲ್ಲಿ ಕಡೆದಂತೆ ನುಣುಪು, ಬಳೆಯಂತಹ ಅಂಚುಗಳು. ಬಳಪದ ಕಲ್ಲಿನ ಗುಣ ಇದು. ಗಣಿಯಿಂದ ತೆಗೆದಾಗ ಮೃದುವಾಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಕನ್ನಡಿ ಹೊರಗೆ ತೆಗೆಯಿರಿ, ಛಾವಣಿ ನೋಡಿ. ಒಂದೂವರೆ ಗಂಟೆ ಸಾಕು.

ಹೊನ್ನಾಳಿ, ಶಿಕಾರಿಪುರದ ಮೇಲೆ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ ಭತ್ತದ ಗದ್ದೆ, ಅಡಿಕೆ ತೋಟ, ಮೆಕ್ಕೆಜೋಳ ಒಂದರ ಹಿಂದೊಂದು ಬರುತ್ತವೆ. ಮಧ್ಯಾಹ್ನದ ಊಟ ಶಿರಾಳಕೊಪ್ಪದಲ್ಲಿ ಮುಗಿಸಿ. ಬಳ್ಳಿಗಾವೆ ಅಲ್ಲಿಂದ ಕೂಗಳತೆಯ ದೂರ.

ಬಳ್ಳಿಗಾವೆಯಲ್ಲಿ ನಿಧಾನಿಸಿ. ಒಂದು ಕಾಲಕ್ಕೆ ಬನವಾಸಿ ಪನ್ನಿರ್ಚ್ಛಾಸಿರವೆಂಬ ಪ್ರಾಂತ್ಯದ ರಾಜಧಾನಿಯಾಗಿದ್ದ ಊರು, ಇವತ್ತು ಅಂಗಳದಲ್ಲಿ ಅಡಿಕೆ ಒಣಗಿಸುವ ಹಳ್ಳಿ. ಮೂರು ಗರ್ಭಗುಡಿಗಳ ಕೇದಾರೇಶ್ವರ ಕಾಲವನ್ನು ತಡೆದುಕೊಂಡು ನಿಂತಿದೆ, ಅಲ್ಲೇ ಶಿಲ್ಪಗಳ ಸಂಗ್ರಹವೂ ಇದೆ. ಪಾಳುಬಿದ್ದ ತ್ರಿಪುರಾಂತಕೇಶ್ವರಕ್ಕೆ ಮಾತ್ರ ಬಂದವರಲ್ಲಿ ಅರ್ಧ ಜನ ಹೋಗುವುದಿಲ್ಲ. ಅದರ ಕೆಳಗಿನ ಪಟ್ಟಿಕೆಗಳಲ್ಲಿ ಪಂಚತಂತ್ರದ ಕಥೆಗಳ ಕೆತ್ತನೆಯಿದೆ. ಹಂಸಗಳ ಕೋಲು ಕಚ್ಚಿ ಹಾರಿದ ಬಾಯಿಬಡುಕ ಆಮೆಯನ್ನು ಹುಡುಕಲು ಮಕ್ಕಳಿಗೆ ಹೇಳಿ, ನಿಮಗೆ ಒಂದು ಗಂಟೆ ಬಿಡುವು ಸಿಗುತ್ತದೆ. ಊರ ನಡುವೆ ಭೇರುಂಡೇಶ್ವರನ ಎತ್ತರದ ಕಂಬವಿದೆ. 1047ರಲ್ಲಿ ಚಾಮುಂಡರಾಯನೆಂಬ ಮಾಂಡಲಿಕ ನಿಲ್ಲಿಸಿದ್ದು, ತುದಿಯಲ್ಲಿ ಗಂಡಭೇರುಂಡ. ನಮ್ಮ ಸರ್ಕಾರಿ ಬಸ್ಸುಗಳ ಮೇಲಿನ ಲಾಂಛನದ ಹಕ್ಕಿ ಇದೇ ಎಂದಾಗ ಮಗನಿಗೆ ಕಂಬಕ್ಕಿಂತ ಬಸ್ಸಿನ ಮೇಲೆ ಗೌರವ ಹೆಚ್ಚಾಯಿತು.

ಅಲ್ಲಮಪ್ರಭುವಿನ ಊರು ಇದೇ. ಅಕ್ಕಮಹಾದೇವಿಯ ಉಡುತಡಿಯೂ ಶಿರಾಳಕೊಪ್ಪದ ಪಕ್ಕದಲ್ಲೇ ಇದೆ. ಕಲ್ಯಾಣದ ಅನುಭವ ಮಂಟಪದಲ್ಲಿ ಎದುರುಬದುರು ಕುಳಿತು ವಾದ ಮಾಡಿದ ಇಬ್ಬರೂ ನಡೆದು ಹೋಗುವಷ್ಟು ದೂರದ ಹಳ್ಳಿಗಳವರು ಎಂಬುದು ಅಲ್ಲಿ ನಿಂತಾಗ ಮಾತ್ರ ಮನಸ್ಸಿಗೆ ತಟ್ಟುತ್ತದೆ. ಅತ್ತೆ ಅಂದು ಉಡುತಡಿಯನ್ನು ಎರಡರ ಲೆಕ್ಕಕ್ಕೆ ಸೇರಿಸಲು ಒಪ್ಪಲಿಲ್ಲ, "ಅದು ಸ್ಮಾರಕ ಅಲ್ಲ, ನಮ್ಮ ಅಕ್ಕನ ಮನೆ" ಎಂದರು. ಕಟ್ಟುಪಾಡು ಅಲ್ಲಿಗೆ ಮುರಿಯಿತು. ರಾತ್ರಿ ಶಿಕಾರಿಪುರಕ್ಕೆ ಹಿಂದಿರುಗಿ ಮಲಗಿ.

ಮೂರನೆಯ ದಿನ, ಸೋಮವಾರ: ತಾಳಗುಂದ, ಬನವಾಸಿ, ಶಿರಸಿ

ತಾಳಗುಂದ ಪುಟ್ಟ ಊರು, ಪುಟ್ಟ ಗುಡಿ. ಪ್ರಣವೇಶ್ವರನ ಮುಂದೆ ಒಂದು ಕಂಬ. ಅರ್ಧ ಗಂಟೆಯ ಕೆಲಸ. ಆದರೆ ಹೋಗುವ ಮೊದಲು ಕಾರಿನಲ್ಲಿ ಕಥೆ ಹೇಳಿ. ವೇದ ಓದಲು ಅಜ್ಜ ವೀರಶರ್ಮನ ಜೊತೆ ಕಂಚಿಗೆ ಹೋದ ಹುಡುಗ, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳ, ಅವಮಾನ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ. ಕುಬ್ಜನೆಂಬ ಕವಿ ಇದನ್ನು ಸಂಸ್ಕೃತದಲ್ಲಿ ರಚಿಸಿ, ತಾನೇ ಕಲ್ಲಿನ ಮೇಲೆ ಬರೆದ. ಐದನೆಯ ಶತಮಾನದ ಬರವಣಿಗೆ. ಒಂದೊಂದು ಅಕ್ಷರದ ತಲೆಯ ಮೇಲೂ ಪುಟ್ಟ ಪೆಟ್ಟಿಗೆಯಂತಹ ಚೌಕವಿದೆ; ಹತ್ತಿರ ಹೋಗಿ ನೋಡಿ. ಮುಟ್ಟಬೇಡಿ, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಕೊಂಡರೆ ಸ್ಪಷ್ಟವಾಗಿ ಕಾಣುತ್ತದೆ.

ಆನವಟ್ಟಿಯ ಮೇಲೆ ಬನವಾಸಿಗೆ ಹೋಗುವಾಗ ಕುಬಟೂರಿನ ಕೈಟಭೇಶ್ವರ ಸಿಗುತ್ತದೆ. ಇಷ್ಟವಿದ್ದವರು ಇಳಿಯಲಿ, ನಾವು ಇಳಿಯಲಿಲ್ಲ.

ಬನವಾಸಿಯನ್ನು ವರದಾ ನದಿ ಮೂರು ಕಡೆಯಿಂದ ಬಳಸಿಕೊಂಡಿದೆ. ಮಧುಕೇಶ್ವರನ ಗುಡಿ ಬೇರೆ ಬೇರೆ ಅರಸರ ಕಾಲದಲ್ಲಿ ಬೆಳೆದದ್ದು. ಕದಂಬರ ಸರಳ ಗರ್ಭಗುಡಿ, ಆಮೇಲಿನವರ ಮಂಟಪ, ಸೋಂದೆ ಅರಸರ ಕಾಲದ ಕಲ್ಲಿನ ಮಂಚ. ಆ ಮಂಚದ ಮುಂದೆ ಐದು ನಿಮಿಷ ಕಳೆಯಿರಿ, ಬಡಗಿ ಮರದಲ್ಲಿ ಮಾಡುವುದನ್ನು ಕಲ್ಲುಕುಟಿಗ ಕಲ್ಲಿನಲ್ಲಿ ಮಾಡಿ ತೋರಿಸಿದ್ದಾನೆ. ಎರಡನೆಯ ಶತಮಾನದ ನಾಗಶಿಲೆಯೂ ಇಲ್ಲಿದೆ. ನಂದಿಯ ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಾರ್ವತಿಯ ಕಡೆ ಎಂದು ಅಲ್ಲಿನವರು ಹೇಳುತ್ತಾರೆ. ಈ ನಂದಿಯನ್ನು ನೋಡಲು ಮಗ ಯಾವ ತಕರಾರೂ ಮಾಡದೆ ಕಾರಿನಿಂದ ಇಳಿದ. ಹೊರಗೆ ಅನಾನಸ್ ಮಾರುತ್ತಿದ್ದರೆ ತಿನ್ನಿ, ಬನವಾಸಿ ಸೀಮೆಯದು ಹೆಸರುವಾಸಿ.

ಶಿರಸಿ 23 ಕಿ.ಮೀ. ಸಂಜೆ ಮಾರಿಕಾಂಬೆಯ ದರ್ಶನ, ರಾತ್ರಿ ತಂಬುಳಿ, ಅಪ್ಪೆಹುಳಿಯ ಊಟ. ಹಾಳೆಯಷ್ಟು ತೆಳುವಾದ ತೊಡೆದೇವು ಸಿಕ್ಕರೆ ಕಟ್ಟಿಸಿಕೊಳ್ಳಿ, ಆದರೆ ಅದೂ ಮಂಡಕ್ಕಿಯ ಡಬ್ಬಿಗೇ ಹೋಗಬೇಕು.

ನಾಲ್ಕನೆಯ ದಿನ, ಮಂಗಳವಾರ: ಘಟ್ಟ ಇಳಿಯುವುದು

ಬೆಳಿಗ್ಗೆ ಶಾಲ್ಮಲಾ ನದಿಯ ಸಹಸ್ರಲಿಂಗ. ಹೊಳೆಯ ಬಂಡೆಗಳ ಮೇಲೆಲ್ಲ ಲಿಂಗ, ನಂದಿಗಳ ಕೆತ್ತನೆ. ನೀರು ಇಳಿದ ತಿಂಗಳುಗಳಲ್ಲಿ ಮಾತ್ರ ಪೂರ್ತಿ ಕಾಣುತ್ತವೆ. ಪಾಚಿಯ ಮೇಲೆ ಕಾಲಿಟ್ಟರೆ ಜಾರುವುದು ಖಂಡಿತ. ಯಾಣವನ್ನು ಮೊದಲ ಸಲಕ್ಕೆ ಕೈಬಿಡಿ, ಅದನ್ನೂ ಸೇರಿಸಿದರೆ ಕಡಲು ತಲುಪುವಾಗ ಕತ್ತಲಾಗುತ್ತದೆ. ಮೊದಲ ಸಲ ಸಮುದ್ರ ನೋಡುವ ಮಕ್ಕಳಿಗೆ ಕತ್ತಲೆಯಲ್ಲಿ ಬರೀ ಸದ್ದು ಕೇಳಿಸಿ "ನಾಳೆ ನೋಡು" ಎನ್ನುವುದು ಅನ್ಯಾಯ.

ಶಿರಸಿ–ಕುಮಟಾ ನಡುವೆ ದೇವಿಮನೆ ಘಟ್ಟ. ಈ ರಸ್ತೆಯ ಅಗಲೀಕರಣ, ಮಳೆಗಾಲದ ಭೂಕುಸಿತಗಳಿಂದಾಗಿ ಸಂಚಾರ ನಿಂತದ್ದುಂಟು. ಹಿಂದಿನ ರಾತ್ರಿಯೇ ಶಿರಸಿಯ ಬಸ್ ನಿಲ್ದಾಣದಲ್ಲಿ ಚಾಲಕರನ್ನು ಕೇಳಿಕೊಳ್ಳಿ, ಮೊಬೈಲಿನ ನಕ್ಷೆಗಿಂತ ಅವರ ಮಾತು ಖಚಿತ. ರಸ್ತೆ ಮುಚ್ಚಿದ್ದರೆ ಯಲ್ಲಾಪುರ–ಅಂಕೋಲಾ ಸುತ್ತು ದಾರಿ.

ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಹಿಡಿಯಬೇಡಿ. ಎರಡನೆಯ ಗೇರಿಗೆ ಹಾಕಿ, ಎಂಜಿನ್ನೇ ವೇಗ ತಡೆಯಲಿ. ತಿರುವಿಗೆ ಮುಂಚೆ ಹಾರ್ನ್, ಹತ್ತಿ ಬರುವವರಿಗೆ ದಾರಿ. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವ ಜಾಣರು ಬ್ರೇಕ್ ಕಾದು ಹಿಡಿಯದೆ ಹೋದಾಗ ಏನು ಮಾಡುತ್ತಾರೋ ನಾನರಿಯೆ. ವಾಂತಿ ಬರುವ ಮಕ್ಕಳಿಗೆ ಬೆಳಿಗ್ಗೆ ಇಡ್ಲಿ ಮಾತ್ರ, ಮುಂದಿನ ಸೀಟು, ದೂರದ ಮರದ ಮೇಲೆ ಕಣ್ಣು. ಮೊಬೈಲ್ ಕೈಗೆ ಕೊಡಲೇಬೇಡಿ. ನಾಲ್ಕು ಗಂಟೆಗೆ ಗೋಕರ್ಣದಲ್ಲಿರಬಹುದು.

ಐದು, ಆರನೆಯ ದಿನ: ಕಡಲು

ಇಲ್ಲಿಂದ ನನ್ನ ಬಳಿ ವೇಳಾಪಟ್ಟಿಯಿಲ್ಲ. ನಾಲ್ಕು ದಿನ ಗಡಿಯಾರ ನೋಡಿ ಓಡಿದ್ದೀರಿ, ಈಗ ಗಡಿಯಾರ ಚೀಲದೊಳಗಿರಲಿ. ಆದರೆ ನೀರಿನ ವಿಷಯದಲ್ಲಿ ಮಾತ್ರ ಸಡಿಲ ಬಿಡುವಂತಿಲ್ಲ. ನಮ್ಮ ಬಯಲುಸೀಮೆಯವರಿಗೆ ಕೆರೆ, ಭದ್ರಾ ಕಾಲುವೆಯ ಈಜು ಗೊತ್ತು, ಅಲೆ ಗೊತ್ತಿಲ್ಲ.

ಅಲೆಗಳು ದಡಕ್ಕೆ ತಂದ ನೀರು ಹಿಂದಿರುಗಲೇಬೇಕು. ಅದು ಕೆಲವೆಡೆ ಕಿರಿದಾದ ಹಾದಿ ಮಾಡಿಕೊಂಡು ರಭಸದಿಂದ ಒಳಕ್ಕೆ ಸೆಳೆಯುತ್ತದೆ. ಮೋಸವಿರುವುದು ಇಲ್ಲೇ: ಸೆಳೆತವಿರುವ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ಹಾಗಾಗಿ ಎರಡು ಬದಿಯ ನೊರೆಯ ನಡುವೆ ಅದೊಂದೇ ಶಾಂತವಾಗಿ ಕಾಣುತ್ತದೆ. ಹೊಸಬರು ಇಳಿಯುವುದು ಸರಿಯಾಗಿ ಅಲ್ಲಿಗೇ. ಸಿಕ್ಕಿಹಾಕಿಕೊಂಡರೆ ದಡದ ಕಡೆಗೆ ನೇರ ಈಜಿ ಸುಸ್ತಾಗಬೇಡಿ; ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ತಿರುಗಿ. ಈಜು ಬಾರದವರು ಮಂಡಿ ಮಟ್ಟ ದಾಟಬೇಡಿ. ಕೆಂಪು ಬಾವುಟವಿದ್ದರೆ, ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡಬೇಡಿ. ಓಂ ತೀರದ ಬಂಡೆಗಳ ಮೇಲೆ ನಿಂತು ಸೆಲ್ಫಿ ತೆಗೆಯುವುದನ್ನಂತೂ ಮನೆಯಿಂದ ಹೊರಡುವಾಗಲೇ ನಿಷೇಧಿಸಿ.

ಭರತ, ಇಳಿತಗಳನ್ನು ತಿಳಿದುಕೊಳ್ಳಿ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಇವತ್ತಿನ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಏರಿಳಿತ ದೊಡ್ಡದು. ದೋಣಿ ಎಳೆಯುತ್ತಿರುವ ಯಾರನ್ನಾದರೂ ಕೇಳಿದರೆ ಇವತ್ತಿನ ಹೊತ್ತು ಹೇಳುತ್ತಾರೆ. ಇಳಿತದ ಹೊತ್ತು ಮಕ್ಕಳಿಗೆ ಏಡಿ, ಚಿಪ್ಪು ಹುಡುಕಲು ಚೆನ್ನ.

ಮಹಾಬಲೇಶ್ವರನ ದರ್ಶನಕ್ಕೆ ಬುಧವಾರ ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಸಂಜೆ ಬಿಡುವಿದ್ದರೆ ಸಾಣಿಕಟ್ಟಾದ ಉಪ್ಪಿನ ಗದ್ದೆಗಳ ಕಡೆ ಹೋಗಿ ಬನ್ನಿ. ಬೇಸಿಗೆಗೆ ಹತ್ತಿರದ ತಿಂಗಳುಗಳಲ್ಲಿ ಬಿಳಿ ಗುಡ್ಡೆಗಳು ಸಾಲಾಗಿರುತ್ತವೆ. ದಾವಣಗೆರೆಯ ಮಕ್ಕಳಿಗೆ ಉಪ್ಪು ಅಂಗಡಿಯಲ್ಲಿ ಬೆಳೆಯುತ್ತದೆ.

ಗುರುವಾರ ಬೆಳಿಗ್ಗೆ ಬೇಗ ಮಿರ್ಜಾನ್ ಕೋಟೆ. ಬಿಸಿಲೇರುವ ಮೊದಲು ಮುಗಿಸಿ ಬಂದುಬಿಡಬಹುದು. ಕರಿಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿಕೊಂಡ ಕೋಟೆ ಇದು. ಅಘನಾಶಿನಿಯ ದಂಡೆಯಲ್ಲಿ ಮೆಣಸಿನ ವ್ಯಾಪಾರಕ್ಕೆ ಕಾವಲು. ಇಲ್ಲಿನ ಗೋಡೆಯನ್ನು ಮುಟ್ಟಿ ನೋಡಿ: ತೂತು ತೂತಾದ ಕೆಂಪು ಚಿರೆಕಲ್ಲು. ಬಿಸಿಲು, ಮಳೆ ಎರಡೂ ಅತಿಯಾದ ಕಡೆ ಬಂಡೆ ಕರಗಿ, ಕಬ್ಬಿಣದ ಅಂಶ ಉಳಿದು ಆದ ಕಲ್ಲು. ನೆಲದಿಂದ ಕತ್ತರಿಸುವಾಗ ಮೃದು, ಗಾಳಿ ತಾಗಿದ ಮೇಲೆ ಗಟ್ಟಿ. ಈ ವಿಷಯದಲ್ಲಿ ಹರಿಹರದ ಬಳಪದ ಕಲ್ಲಿನ ನೆಂಟ. ಆದರೆ ಇದರಲ್ಲಿ ಮೂಗುತಿಯಲ್ಲ, ಮೂಗನ್ನೂ ಕೆತ್ತಲಾಗದು. ಕೋಟೆಯ ಮೇಲೆಲ್ಲ ಹುಲ್ಲು, ಗೋಡೆಗೆಲ್ಲ ಪಾಚಿ. ಚಿತ್ರದುರ್ಗದಲ್ಲಿ ಕೋಟೆ ನೀರನ್ನು ಹಿಡಿದಿಡಲು ಹೆಣಗಿದರೆ ಇಲ್ಲಿ ನೀರೇ ಕೋಟೆಯನ್ನು ಹಿಡಿದುಕೊಂಡಿದೆ.

ಮುರುಡೇಶ್ವರವನ್ನು ಯಾಕೆ ಹೇಳಲಿಲ್ಲ ಎಂದು ಕೇಳುವವರಿದ್ದಾರೆ. 123 ಅಡಿಯ ಶಿವ, ಲಿಫ್ಟ್ ಇರುವ ಗೋಪುರ ಮಕ್ಕಳಿಗೆ ಇಷ್ಟವಾಗುವುದು ನಿಜ, ಗುರುವಾರ ಮಧ್ಯಾಹ್ನ ಹೋಗಿ ಬರಬಹುದು. ಹೋದರೆ ಇನ್ನೂ ಸ್ವಲ್ಪ ಮುಂದೆ ಭಟ್ಕಳದ ಕೇತಪಯ್ಯ ನಾರಾಯಣ ಗುಡಿಯನ್ನು ನೋಡಿ. 16ನೆಯ ಶತಮಾನದ್ದು. ಕಲ್ಲು ಚಪ್ಪಡಿಗಳನ್ನು ಹೆಂಚಿನ ಮಾಡಿನ ಹಾಗೆ ಇಳಿಜಾರಾಗಿ ಹೊದಿಸಿದ್ದಾರೆ, ಮಳೆ ನಿಲ್ಲದ ನಾಡಿನ ಗುಡಿ ಹೇಗಿರಬೇಕೋ ಹಾಗೆ.

ಬಸ್ಸಿನಲ್ಲಿ ಹೋಗುವವರಿಗೆ

ಇದೇ ದಾರಿ ಬಸ್ಸಿನಲ್ಲೂ ಆಗುತ್ತದೆ, ಸಾಮಾನು ಅರ್ಧಕ್ಕಿಳಿಸಿದರೆ. ಶಿರಾಳಕೊಪ್ಪದಲ್ಲಿ ಒಂದು ಆಟೊ ಮಾತಾಡಿಕೊಂಡು ಬಳ್ಳಿಗಾವೆ, ತಾಳಗುಂದ, ಉಡುತಡಿ ಮೂರನ್ನೂ ಒಂದೇ ದಿನ ಮುಗಿಸಿ. ಕಾಯುವ ಹೊತ್ತನ್ನೂ ಸೇರಿಸಿ ಬಾಡಿಗೆ ಮೊದಲೇ ಗೊತ್ತು ಮಾಡಿಕೊಳ್ಳಿ. ಸಹಸ್ರಲಿಂಗಕ್ಕೆ ಶಿರಸಿಯಿಂದ ವಾಹನ ಬೇಕೇ ಬೇಕು. ಮಿರ್ಜಾನ್‌ಗೆ ಕುಮಟಾದ ಬಸ್ಸು ಸಾಕು. ಹಿಂದಿರುಗುವಾಗ ಗೋಕರ್ಣದಿಂದ ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ದಾವಣಗೆರೆಗೆ ರೈಲು. ಕೊಂಕಣ ರೈಲ್ವೆಯ ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ದೂರ, ಆ ಹೆಸರು ನೋಡಿ ಮೋಸಹೋಗಬೇಡಿ.

ಏಳನೆಯ ದಿನ, ಶುಕ್ರವಾರ: ವಾಪಸ್ಸು

ಎರಡು ದಾರಿ. ಬಂದ ಘಟ್ಟವನ್ನೇ ಹತ್ತಿ ಶಿರಸಿ, ಹಾವೇರಿ, ರಾಣೆಬೆನ್ನೂರಿನ ಮೇಲೆ ಬಂದರೆ ಮಧ್ಯಾಹ್ನದ ಹೊತ್ತಿಗೆ ಮನೆ. ಇನ್ನೊಂದು ಹೊನ್ನಾವರ, ಜೋಗ, ಸಾಗರ, ಶಿವಮೊಗ್ಗದ ದಾರಿ. ಇದು ಇಡೀ ದಿನ ಹಿಡಿಯುತ್ತದೆ, ಬೆಳಿಗ್ಗೆ ಆರಕ್ಕೆ ಹೊರಡಬೇಕು. 253 ಮೀಟರ್‌ನ ಜೋಗ ಚಳಿಗಾಲದಲ್ಲಿ ಬಡಕಲಾಗಿರುತ್ತದೆ, ಅದಕ್ಕಾಗಿ ಈ ದಾರಿ ಹಿಡಿಯಬೇಡಿ. ಸಾಗರದ ಪಕ್ಕದ ಇಕ್ಕೇರಿಗಾಗಿ ಹಿಡಿಯಿರಿ. ಅಘೋರೇಶ್ವರನ ಗುಡಿಯ ನೆಲದ ಮೇಲೆ ಕೆಳದಿಯ ಅರಸರು ಸಾಷ್ಟಾಂಗ ಬಿದ್ದಂತೆ ತಮ್ಮ ರೂಪ ಕೆತ್ತಿಸಿಕೊಂಡಿದ್ದಾರೆ. ಜನ ಅದರ ಮೇಲೆ ನಡೆದೇ ದೇವರ ಹತ್ತಿರ ಹೋಗಬೇಕು.

ಪ್ರಯಾಣಕ್ಕೆ ಹೊಸಬರು, ಚಿಕ್ಕ ಮಕ್ಕಳಿರುವವರು ಹಾವೇರಿಯ ದಾರಿಯಲ್ಲಿ ಬನ್ನಿ. ನಾವೂ ಹಾಗೆಯೇ ಬಂದೆವು. ಹರಿಹರದ ಸೇತುವೆಯ ಮೇಲೆ ಅತ್ತೆ ಕಿಟಕಿಯಿಂದ ತುಂಗಭದ್ರೆಯನ್ನು ನೋಡಿ, "ಇದಕ್ಕೆ ಅಲೆಯೇ ಇಲ್ಲವಲ್ಲ" ಎಂದರು.

ಶನಿವಾರ ಬೆಳಿಗ್ಗೆ ಬಟ್ಟೆಗಿಂತ ಮೊದಲು ಕಾರು ತೊಳೆಸಿ, ಮೇಲ್ಭಾಗ ಮಾತ್ರವಲ್ಲ, ತಳವನ್ನೂ. ಉಪ್ಪುಗಾಳಿ ಅಂಟಿದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಮ್ಯಾಟುಗಳನ್ನು ತೆಗೆದು ಬಿಸಿಲಿಗೆ ಒಣಗಿಸಿ ಕೊಡವಿ. ಹಸಿಯಾಗಿದ್ದಾಗ ಉಜ್ಜಿದರೆ ಮರಳು ಇನ್ನೂ ಒಳಗೆ ಇಳಿಯುತ್ತದೆ. ಉಳಿದ ಮಂಡಕ್ಕಿ ಮೆತ್ತಗಾಗಿದ್ದರೆ ಎಸೆಯಬೇಡಿ, ಒಗ್ಗರಣೆ ಹಾಕಿ.